ಮಿದುಳಿನ ಪಾಠ ಕೈಗೂ ಸಿಗಲಿ

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಮಿದುಳಿನ ಭಾಗಗಳನ್ನು ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆ ಮುಗಿದರೆ ಮರೆತುಬಿಡುತ್ತಾಳೆ. ನರಕೋಶ ಎಂದರೆ ಅವಳ ಪಾಲಿಗೆ ಬಾಲ ಇರುವ ನಕ್ಷತ್ರ ಅಷ್ಟೇ. ಕೈಯಾರೆ ಮಾಡಿ ಕಲಿಯುವ ದಾರಿ ಇದೆಯೇ? ಈ ವಯಸ್ಸಿಗೆ ಕುರಿಯ ಮಿದುಳು ಕೊಯ್ದು ನೋಡಬಹುದೇ?

ಉತ್ತರ: ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನೆ ಕಲಿಸುವುದು ನನ್ನ ಕೆಲಸ. ಬಾಯಿಪಾಠ ಮಾಡಿದ್ದು ನಿಲ್ಲುವುದಿಲ್ಲ, ಬೆರಳು ಕಲಿತದ್ದು ನಿಲ್ಲುತ್ತದೆ. ಇದನ್ನು ದಿನಾ ನೋಡುತ್ತೇನೆ.

ಆ ನಕ್ಷತ್ರದಿಂದಲೇ ಶುರು ಮಾಡಿ. ಒಂದು ಸೆಂ.ಮೀ. ಅಗಲದ ಜೇಡಿಮಣ್ಣಿನ ಉಂಡೆ ಮಾಡಲಿ. ಅದು ಬೆನ್ನುಹುರಿಯ ಒಂದು ದೊಡ್ಡ ನರಕೋಶದ ಒಡಲು. ನಿಜವಾದದ್ದು ಹೆಚ್ಚೆಂದರೆ 0.1 ಮಿ.ಮೀ. ಇರುತ್ತದೆ, ಅಂದರೆ ಅವಳದ್ದು ನೂರು ಪಟ್ಟು ದೊಡ್ಡದು. ಈಗ ಅದರ ಬಾಲಕ್ಕೆ, ಅಂದರೆ ಆಕ್ಸಾನ್‌ಗೆ, ಎಷ್ಟು ದಾರ ಬೇಕು ಅಂತ ಅವಳೇ ಲೆಕ್ಕ ಹಾಕಲಿ. ಬೆನ್ನಿನ ಕೆಳಭಾಗದಿಂದ ಪಾದದವರೆಗೆ ಸುಮಾರು ಒಂದು ಮೀಟರ್. ಹಾಗಾದರೆ ನೂರು ಮೀಟರ್ ದಾರ ಬೇಕು! ಮೈದಾನದಲ್ಲಿ ಅಷ್ಟನ್ನೂ ಬಿಚ್ಚಿಕೊಂಡು ನಡೆಯಲಿ. ಪುಸ್ತಕದ ಚಿತ್ರ ಎಷ್ಟು ಮೊಟಕು ಅಂತ ಆಗ ಗೊತ್ತಾಗುತ್ತದೆ.

ಆಮೇಲೆ ಶಾಲೆಯ ಮೈಕ್ರೋಸ್ಕೋಪ್‌ನಲ್ಲಿ ಕಿರುಮಿದುಳಿನ ಸ್ಲೈಡ್ ನೋಡಲಿ. ಸಾಧ್ಯವಾದರೆ ಗಾಲ್ಗಿ ವಿಧಾನದ ಸ್ಲೈಡ್ ಕೇಳಿ. ಸಾಮಾನ್ಯ ಬಣ್ಣದಲ್ಲಿ ಪರ್ಕಿಂಜೆ ಕೋಶದ, ಅಂದರೆ ಕಿರುಮಿದುಳಿನ ದೊಡ್ಡ ನರಕೋಶದ, ಒಡಲು ಕಾಣುತ್ತದೆ, ಕವಲುಗಳು ಅಷ್ಟಾಗಿ ಕಾಣುವುದಿಲ್ಲ. 1873ರಲ್ಲಿ ಇಟಲಿಯ ವಿಜ್ಞಾನಿ ಗಾಲ್ಗಿ ಕಂಡುಹಿಡಿದ, ಬೆಳ್ಳಿಯಿಂದ ಬಣ್ಣ ಹಿಡಿಸುವ ವಿಧಾನ ಕೆಲವೇ ಕೋಶಗಳಿಗೆ ಹಿಡಿಯುತ್ತದೆ, ಆದರೆ ಹಿಡಿದ ಕೋಶ ತುದಿಯವರೆಗೂ ಕಪ್ಪಾಗುತ್ತದೆ. ಎಲ್ಲಕ್ಕೂ ಹಿಡಿದಿದ್ದರೆ ಬರೀ ಕಪ್ಪು ಕಾಣುತ್ತಿತ್ತು, ಅಲ್ವಾ? ಇದೇ ವಿಧಾನದಿಂದ ಸ್ಪೇನಿನ ವಿಜ್ಞಾನಿ ಕಹಾಲ್ ಕೋಶಗಳನ್ನು ನೋಡಿ ನೋಡಿ ಚಿತ್ರ ಬರೆದರು. ಪ್ರತಿ ನರಕೋಶವೂ ಬೇರೆ ಬೇರೆ ಎಂದರು. ಎಲ್ಲ ಸೇರಿ ಒಂದೇ ಬಲೆ ಎಂದು ಗಾಲ್ಗಿ ನಂಬಿದ್ದರು. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ನಿಮ್ಮ ಮಗಳೂ ಸ್ಲೈಡ್ ನೋಡುತ್ತಲೇ ಪೆನ್ಸಿಲ್ ಹಿಡಿಯಲಿ. ಫೋಟೋ ತೆಗೆದರೆ ಸಾಲದು. ಬರೆಯುವಾಗ ಕಣ್ಣು ಪ್ರತಿ ಕವಲಿನ ಹತ್ತಿರವೂ ನಿಲ್ಲಲೇಬೇಕಾಗುತ್ತದೆ.

ಕುರಿಯ ಮಿದುಳು ಧಾರಾಳವಾಗಿ ಕೊಯ್ಯಬಹುದು, ಅವಳಿಗೆ ಮನಸ್ಸಿದ್ದರೆ ಮಾತ್ರ. ಶಾಲೆಯ ಪ್ರಯೋಗಾಲಯದಲ್ಲಿ, ಶಿಕ್ಷಕರು ಪಕ್ಕದಲ್ಲಿರುವಾಗ. ಫಾರ್ಮಲಿನ್‌ನಲ್ಲಿಟ್ಟದ್ದಾದರೆ ಚೆನ್ನಾಗಿ ತೊಳೆದಿರಬೇಕು, ಕಿಟಕಿ ತೆರೆದಿರಬೇಕು, ಕೈಗವಸು, ಕನ್ನಡಕ ಬೇಕೇ ಬೇಕು. ಜೀವಂತ ಮಿದುಳು ಇದಕ್ಕಿಂತ ತುಂಬಾ ಮೆತ್ತಗೆ ಎಂದು ಮೊದಲೇ ಹೇಳಿಬಿಡಿ.

ಕೊಯ್ಯುವ ಅವಸರ ಬೇಡ. ಮೊದಲು ಮಡಿಕೆಗಳ ಸಂದಿಯಲ್ಲಿ ಬೆರಳಾಡಿಸಲಿ. ಆಮೇಲೆ ಎಡ, ಬಲ ಅರ್ಧಗಳ ನಡುವೆ ಸರಿಯಾಗಿ ಸೀಳಿದರೆ ಎರಡನ್ನೂ ಜೋಡಿಸುವ ಬಿಳಿ ಪಟ್ಟಿ ಕಾಣುತ್ತದೆ. ಕಿರುಮಿದುಳಿನೊಳಗೆ ಬಿಳಿ ಗೆರೆಗಳು ಕವಲೊಡೆದಿರುತ್ತವೆ. ಗಾತ್ರದಲ್ಲಿ ಸಣ್ಣದಾದರೂ ಮನುಷ್ಯನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹೆಚ್ಚಿನ ಪಾಲು ಇರುವುದು ಈ ಕಿರುಮಿದುಳಿನಲ್ಲೇ.

ಕೊನೆಗೆ ಅಡಿಭಾಗ ತಿರುಗಿಸಿ, ಮುಂದಿರುವ, ವಾಸನೆ ಗ್ರಹಿಸುವ ಗೆಡ್ಡೆಯಂಥ ಭಾಗಗಳನ್ನು ತೋರಿಸಿ. ಕುರಿಗೆ ಅವು ದಪ್ಪ, ನಮಗೆ ತೀರಾ ಸಣ್ಣ. ಯಾಕಿರಬಹುದು ಅಂತ ಕೇಳಿ, ಉತ್ತರ ಮಾತ್ರ ನೀವು ಹೇಳಬೇಡಿ.