ಹೋವರ್‌ಬೋರ್ಡ್‌ನ ತುಂಡಾದ ವೈರ್‌ಗಳನ್ನು ಮನೆಯಲ್ಲೇ ಜೋಡಿಸಬಹುದೇ?

ಮಗನ ಹೋವರ್‌ಬೋರ್ಡ್‌ನಲ್ಲಿ ಬಲಗಡೆಯ ಚಕ್ರ ತಿರುಗುವ ಬದಲು ಗಡಗಡ ನಡುಗುತ್ತದೆ, ತಳದ ಮುಚ್ಚಳ ಬಿಚ್ಚಿದಾಗ ಚಕ್ರದ ಬುಡದಲ್ಲಿ ಒಂದು ದಪ್ಪ ವೈರ್ ಮತ್ತು ಎರಡು ಸಣ್ಣ ವೈರ್ ತುಂಡಾಗಿರುವುದು ಕಂಡಿತು, ಮನೆಯಲ್ಲೇ ಬೆಸುಗೆ ಹಾಕಬಹುದೇ ಎಂದು ಕೇಳಿದ್ದೀರಿ.

ಹಾಕಬಹುದು. ನನ್ನ ಮಗಳ ಬೋರ್ಡ್‌ಗೂ ಹೀಗೇ ಆಗಿತ್ತು, ಒಂದು ಭಾನುವಾರ ಕುಳಿತು ಸರಿಮಾಡಿದೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಕ್ರದಿಂದ ಸರ್ಕ್ಯೂಟ್ ಬೋರ್ಡ್‌ಗೆ ಬರುವ ವೈರ್‌ಗಳಿಗೆ ನೀವು ಧೈರ್ಯವಾಗಿ ಕೈಹಾಕಬಹುದು. ಬ್ಯಾಟರಿ ಪೊಟ್ಟಣದ ಒಳಗೆ ಮಾತ್ರ ಕೈಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ 20 ಲಿಥಿಯಂ ಸೆಲ್‌ಗಳಿರುತ್ತವೆ. 36 ವೋಲ್ಟ್ ಎಂದು ಬರೆದಿದ್ದರೂ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್ ಇರುತ್ತದೆ. 2016ರಲ್ಲಿ ಅಮೆರಿಕದಲ್ಲಿ ಐದು ಲಕ್ಷದಷ್ಟು ಹೋವರ್‌ಬೋರ್ಡ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆದದ್ದು ಬ್ಯಾಟರಿಗಳು ಬಿಸಿಯೇರಿ ಹೊತ್ತಿಕೊಳ್ಳುತ್ತಿದ್ದ ಕಾರಣಕ್ಕೆ. ಪೊಟ್ಟಣ ಉಬ್ಬಿದ್ದರೆ, ಹೊದಿಕೆ ಹರಿದಿದ್ದರೆ, ನೀರು ಹೊಕ್ಕ ಗುರುತಿದ್ದರೆ ಅಥವಾ ಸಿಹಿ ಬೆರೆತ ರಾಸಾಯನಿಕ ವಾಸನೆ ಬರುತ್ತಿದ್ದರೆ ರಿಪೇರಿಯ ಯೋಚನೆ ಅಲ್ಲಿಗೇ ಬಿಡಿ. ಅದನ್ನು ಚಾರ್ಜ್‌ಗೂ ಹಾಕಬೇಡಿ.

ಬ್ಯಾಟರಿ ಚೆನ್ನಾಗಿದ್ದರೆ ಮೊದಲ ಕೆಲಸ ಅದರ ಕನೆಕ್ಟರ್ ಕಳಚುವುದು. ಹೆಚ್ಚಿನವುಗಳಲ್ಲಿ ಅದು ಹಳದಿ ಬಣ್ಣದ್ದು, ಬಿಗಿಯಾಗಿರುತ್ತದೆ. ವೈರ್ ಹಿಡಿದು ಜಗ್ಗದೆ ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಅಲುಗಾಡಿಸುತ್ತಾ ಎಳೆಯಿರಿ. ಆಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು, ಸರ್ಕ್ಯೂಟ್ ಬೋರ್ಡ್ ಕಡೆಯ ಕನೆಕ್ಟರ್‌ನಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿ. ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿದು ಸೊನ್ನೆಯ ಹತ್ತಿರ ಬಂದ ಮೇಲೆಯೇ ಮುಂದಿನ ಕೆಲಸ.

ಈಗ ವೈರ್‌ಗಳನ್ನು ಗುರುತಿಸಿಕೊಳ್ಳಿ. ಪ್ರತಿ ಚಕ್ರದೊಳಗೂ ಒಂದು ಮೋಟರ್ ಇದೆ. ಅದರಿಂದ ಮೂರು ದಪ್ಪ ವೈರ್‌ಗಳು ಬರುತ್ತವೆ: ಹಳದಿ, ಹಸಿರು, ನೀಲಿ. ಚಕ್ರವನ್ನು ತಿರುಗಿಸುವ ಕರೆಂಟ್ ಹರಿಯುವುದು ಇವುಗಳಲ್ಲಿ. ಜೊತೆಗೆ ಐದು ತೆಳು ವೈರ್‌ಗಳು: ಕೆಂಪು, ಕಪ್ಪು, ಮತ್ತೆ ಅದೇ ಹಳದಿ, ಹಸಿರು, ನೀಲಿ. ಇವು ಹಾಲ್ ಸೆನ್ಸರ್‌ನವು, ಚಕ್ರ ಯಾವ ಸ್ಥಾನದಲ್ಲಿದೆ ಎಂಬುದನ್ನು ಸರ್ಕ್ಯೂಟ್ ಬೋರ್ಡ್‌ಗೆ ತಿಳಿಸುತ್ತವೆ. ದಪ್ಪ ವೈರ್ ಒಂದು ಕಡಿದರೂ ಚಕ್ರ ನಡುಗುತ್ತದೆ, ತೆಳು ವೈರ್ ಕಡಿದರೂ ನಡುಗುತ್ತದೆ. ನಿಮ್ಮಲ್ಲಿ ಎರಡೂ ಆಗಿವೆ. ಬಣ್ಣಗಳು ಒಂದೇ ಆಗಿರುವುದರಿಂದ ಕತ್ತರಿ ಮುಟ್ಟುವ ಮೊದಲು ಮೊಬೈಲ್‌ನಲ್ಲಿ ನಾಲ್ಕಾರು ಫೋಟೋ ತೆಗೆದಿಟ್ಟುಕೊಳ್ಳಿ.

ವೈರ್ ಯಾಕೆ ಕಡಿಯಿತು ಎಂಬುದನ್ನೂ ಈಗಲೇ ಹುಡುಕಿ. ಬೆಸುಗೆಗಿಂತ ಇದೇ ದೊಡ್ಡ ಕೆಲಸ ಎನ್ನುವುದು ನನ್ನ ಅನುಭವ. ಚಕ್ರದ ಅಚ್ಚು ಪೊಳ್ಳಾಗಿದ್ದು, ವೈರ್‌ಗಳೆಲ್ಲ ಅದರ ಬಾಯಿಂದ ಹೊರಬರುತ್ತವೆ. ಆ ಬಾಯಿಯ ಅಂಚು ಹರಿತವಾಗಿರುತ್ತದೆ. ಅಚ್ಚನ್ನು ಹಿಡಿದಿರುವ ಪಟ್ಟಿಯ ಬೋಲ್ಟ್‌ಗಳು ಸಡಿಲವಾದರೆ ಅಚ್ಚು ಕೊಂಚ ಕೊಂಚವೇ ಹೊರಳಿ ವೈರ್‌ಗಳನ್ನು ಹಿಂಡುತ್ತದೆ. ನನ್ನ ಮಗಳ ಬೋರ್ಡ್‌ನಲ್ಲಿ ಆಗಿದ್ದು ಅದೇ. ಕಪ್ಪು ಹೊದಿಕೆ ಒಂದು ಕಡೆ ಚಾಕುವಿನಿಂದ ಹೆರೆದಂತೆ ತೆಳುವಾಗಿತ್ತು, ಒಳಗಿನ ನೀಲಿ ವೈರ್ ಬಾಯ್ದೆರೆದಿತ್ತು, ತಾಮ್ರದ ಎಳೆಗಳು ಕಿಲುಬು ಹಿಡಿದು ಹಸಿರಾಗಿದ್ದವು. ಕಿಲುಬು ಹಿಡಿದ ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ. ಹೊಳೆಯುವ ತಾಮ್ರ ಕಾಣುವ ತನಕ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋದೆ. ಕೊನೆಗೆ ಉದ್ದ ಸಾಲದೆ, ಅಷ್ಟೇ ದಪ್ಪದ ಬಹು ಎಳೆಯ ವೈರ್ ತುಂಡೊಂದನ್ನು ನಡುವೆ ಸೇರಿಸಬೇಕಾಯಿತು. ಎರಡು ಭಾಗಗಳನ್ನು ಕೂಡಿಸುವ ಮಧ್ಯದ ಕೀಲಿನ ಬಳಿಯೂ ಒಮ್ಮೆ ಇಣುಕಿ ನೋಡಿ. ಕಾಲಿನ ಪ್ರತಿ ತಿರುವಿಗೂ ಅಲ್ಲಿನ ವೈರ್‌ಗಳು ಉಜ್ಜುತ್ತಿರುತ್ತವೆ.

ಜೋಡಿಸುವಾಗ ಹೀಟ್ ಶ್ರಿಂಕ್ ಕೊಳವೆಯನ್ನು (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯ ಮೇಲೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಹೊದಿಕೆ) ಮೊದಲೇ ವೈರ್‌ಗೆ ತೂರಿಸಿ, ಬೆಸುಗೆಯ ಬಿಸಿ ತಾಗದಷ್ಟು ದೂರ ಸರಿಸಿಡಿ. ಎರಡೂ ತುದಿಗಳಿಗೆ ಬೇರೆ ಬೇರೆಯಾಗಿ ಬೆಸುಗೆಯ ಸೀಸ ಹತ್ತಿಸಿಕೊಂಡು ಆಮೇಲೆ ಕೂಡಿಸಿ. ಸುಮ್ಮನೆ ಹೊಸೆದು ಟೇಪ್ ಸುತ್ತಿದರೆ ಸಾಲದು; ದಪ್ಪ ವೈರ್‌ಗಳಲ್ಲಿ ಹತ್ತು ಆಂಪಿಯರ್‌ಗೂ ಮೀರಿದ ಕರೆಂಟ್ ಹರಿಯಬಹುದು, ಸಡಿಲ ಜೋಡಣೆ ಕಾದು ಕರಗುತ್ತದೆ. ಎಲ್ಲ ಬೆಸುಗೆಗಳೂ ಒಂದೇ ಜಾಗದಲ್ಲಿ ಬಾರದಂತೆ ಒಂದೊಂದನ್ನು ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ. ಇಲ್ಲದಿದ್ದರೆ ಅಲ್ಲೊಂದು ಗಂಟು ದಪ್ಪವಾಗಿ, ಮುಚ್ಚಳ ಹಾಕುವಾಗ ಮತ್ತೆ ಹಿಂಡುತ್ತದೆ. ತೆಳು ವೈರ್‌ಗಳ ಹೊದಿಕೆ ಬೇಗ ಕರಗುವುದರಿಂದ ಕಾದ ಕಡ್ಡಿಯನ್ನು ಮುಟ್ಟಿಸಿ ತಕ್ಷಣ ತೆಗೆಯಿರಿ.

ಪರೀಕ್ಷೆ ಮಾಡುವಾಗ ಒಂದು ವಿಷಯ ನನ್ನನ್ನು ತುಂಬಾ ಗಾಬರಿಗೊಳಿಸಿತ್ತು, ನಿಮಗೆ ಹಾಗಾಗದಿರಲಿ. ದಪ್ಪ ವೈರ್‌ಗಳಲ್ಲಿ ಯಾವ ಎರಡರ ಮೇಲೆ ಮಲ್ಟಿಮೀಟರ್ ಇಟ್ಟರೂ ಅದು ಬೀಪ್ ಎನ್ನುತ್ತದೆ. ಅದು ಶಾರ್ಟ್ ಅಲ್ಲ. ಮೋಟರ್‌ನ ಒಳಗೆ ಸುರುಳಿಗಳು ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಶಾರ್ಟ್ ಇದೆಯೇ ಎಂದು ತಿಳಿಯಲು ಈ ಮೂರನ್ನೂ ಸರ್ಕ್ಯೂಟ್ ಬೋರ್ಡ್‌ನಿಂದ ಕಳಚಿ, ತುದಿಗಳು ಒಂದಕ್ಕೊಂದು ತಾಗದಂತೆ ಇಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಿದರೆ ಸರಿಯಾಗಿದೆ. ಬ್ರೇಕ್ ಹಿಡಿದಂತೆ ಭಾರವಾಗಿ ತಿರುಗಿದರೆ ಎಲ್ಲೋ ಎರಡು ವೈರ್‌ಗಳು ಕೂಡಿಕೊಂಡಿವೆ.

ಚಕ್ರಗಳು ನೆಲಕ್ಕೆ ತಾಗದಂತೆ ಬೋರ್ಡನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಬ್ಯಾಟರಿಯನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಿ. ಕನೆಕ್ಟರ್ ಕೂಡುವಾಗ ಚಿಕ್ಕದೊಂದು ಕಿಡಿ ಹಾರಬಹುದು. ಕೆಪಾಸಿಟರ್‌ಗಳು ತುಂಬಿಕೊಳ್ಳುವುದರಿಂದ ಹಾಗಾಗುತ್ತದೆ. ಆನ್ ಮಾಡಿಯೂ ನಡುಗು ನಿಲ್ಲದಿದ್ದರೆ ತೆಳು ಕೆಂಪು ಮತ್ತು ಕಪ್ಪಿನ ನಡುವೆ 5 ವೋಲ್ಟ್‌ನ ಆಸುಪಾಸು ಬರುತ್ತಿದೆಯೇ ನೋಡಿ. ಆಮೇಲೆ ಉಳಿದ ಮೂರು ತೆಳು ವೈರ್‌ಗಳ ಮೇಲೆ ಒಂದೊಂದಾಗಿ ಮಲ್ಟಿಮೀಟರ್ ಇಟ್ಟು ಚಕ್ರವನ್ನು ನಿಧಾನವಾಗಿ ತಿರುಗಿಸಿ. ಪ್ರತಿಯೊಂದರಲ್ಲೂ ಅಂಕಿ ಏರಿ ಇಳಿಯಬೇಕು. ಏರಿಳಿತ ಕಾಣದಿದ್ದರೆ ಆ ವೈರ್‌ನ ಬೆಸುಗೆ ಅಥವಾ ಅದರ ಸೆನ್ಸರ್ ಕೆಟ್ಟಿರಬಹುದು. ಮಲ್ಟಿಮೀಟರ್‌ನ ಕಡ್ಡಿ ಜಾರಿ ತೆಳು ವೈರ್‌ನಿಂದ ದಪ್ಪ ವೈರ್‌ಗೆ ತಾಗಿದರೆ ಸರ್ಕ್ಯೂಟ್ ಬೋರ್ಡ್ ಸುಟ್ಟೇ ಹೋಗಬಹುದು, ಹಾಗಾಗಿ ಕೈ ನಡುಗದಂತೆ ಮೊಣಕೈಯನ್ನು ಮೇಜಿನ ಮೇಲೆ ಊರಿಕೊಳ್ಳಿ.

ಚಕ್ರ ಸರಿಯಾಗಿ ತಿರುಗಿದ ಮೇಲೆ ಅಚ್ಚಿನ ಬಾಯಿಗೆ ರಬ್ಬರ್ ತುಂಡು ಕೊಟ್ಟು, ಬೋಲ್ಟ್‌ಗಳನ್ನು ಬಿಗಿಮಾಡಿ, ಕೀಲಿನ ಬಳಿ ವೈರ್ ಸ್ವಲ್ಪ ಸಡಿಲವಾಗಿರುವಂತೆ ಕಟ್ಟಿ. ಬಹಳಷ್ಟು ಮಾದರಿಗಳಲ್ಲಿ ಆಫ್ ಮಾಡಿದ ಬೋರ್ಡನ್ನು ಸಮತಟ್ಟು ನೆಲದಲ್ಲಿಟ್ಟು ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿದರೆ ಸಮತೋಲನ ಮತ್ತೆ ಹೊಂದಿಕೊಳ್ಳುತ್ತದೆ. ಮಗನಿಗೆ ಕೊಡುವ ಮೊದಲು ನೀವೇ ಹೆಲ್ಮೆಟ್ ಹಾಕಿಕೊಂಡು ಹತ್ತು ನಿಮಿಷ ನಿಧಾನವಾಗಿ ಓಡಿಸಿ. ಆಮೇಲೆ ಮುಚ್ಚಳ ತೆಗೆದು, ಬ್ಯಾಟರಿ ಕಳಚಿ, ಬೆಸುಗೆಯ ಜಾಗಗಳನ್ನು ಮುಟ್ಟಿ ನೋಡಿ. ಯಾವುದಾದರೂ ಒಂದು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದನ್ನು ಬಿಚ್ಚಿ ಮತ್ತೊಮ್ಮೆ ಬೆಸೆಯಿರಿ.