ಗಾರಿಗೆ ಮಾಡುವ ದಿನವೇ ನಾಯಿಯ ಬಿಸ್ಕತ್ತೂ ಆಗುತ್ತದೆ

ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಪುಣೆಗೆ ಬಂದು ಆರು ತಿಂಗಳಾಗಿದೆ, ಮನೆಯಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಇದೆ, ದಸರಾ ದೀಪಾವಳಿಗೆ ಅದಕ್ಕೂ ಏನಾದರೂ ಮನೆಯಲ್ಲೇ ಮಾಡಿಕೊಡಬೇಕು ಅಂತ ಬರೆದಿದ್ದೀರಿ. ಆದರೆ ಸಿಕ್ಕ ರೆಸಿಪಿಗಳೆಲ್ಲ ಅಮೆರಿಕದ ಶರತ್ಕಾಲದವು. ಡಬ್ಬಿಯ ಕುಂಬಳಕಾಯಿ, ಪಂಪ್ಕಿನ್ ಸ್ಪೈಸ್, ಪೀನಟ್ ಬಟರ್ ಅಂತೆಲ್ಲ ಇದೆ, ಇಲ್ಲಿ ಏನು ಹಾಕಿ ಮಾಡುವುದು ಅಂತ ಕೇಳಿದ್ದೀರಿ.

ಖಂಡಿತ ಮಾಡಿ. ಡಬ್ಬಿ ಹುಡುಕಬೇಡಿ. ಬೇಕಾದದ್ದೆಲ್ಲ ಮಂಡಈಯಲ್ಲಿ, ಅಂದರೆ ಇಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಸಿಗುತ್ತದೆ.

ನಾವು ಧಾರವಾಡದವರು, ಈಗ ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ಚಿನ್ನಿ ನಮ್ಮ ಬಿಲ್ಡಿಂಗ್ ಗೇಟಿನ ಹತ್ತಿರ ಸಿಕ್ಕ ನಾಡನಾಯಿ. ಮನೆಗೆ ಬಂದು ಎಂಟು ವರ್ಷವಾಯಿತು. ನಮ್ಮ ಕಡೆ ದಸರೆಗೆ ಕುಂಬಳಕಾಯಿ ಗಾರಿಗೆ, ಅಂದರೆ ಬೆಲ್ಲ ಹಾಕಿ ಎಣ್ಣೆಯಲ್ಲಿ ಕರಿದ ಸಿಹಿ ಪೂರಿ, ಆಗಲೇಬೇಕು. ಇಲ್ಲಿನವರೂ ಮಾಡುತ್ತಾರೆ, ಘಾರಗೆ ಅನ್ನುತ್ತಾರೆ. ಗಾರಿಗೆಗೆ ಕುಂಬಳಕಾಯಿ ಬೇಯಿಸಿದ ಮೇಲೆ, ಬೆಲ್ಲ ಹಾಕುವ ಮೊದಲು, ಚಿನ್ನಿಯ ಪಾಲನ್ನು ಬೇರೆ ಬಟ್ಟಲಿಗೆ ಎತ್ತಿಡುತ್ತೇನೆ. ನೈವೇದ್ಯಕ್ಕೆ ಮೊದಲೇ ಎತ್ತಿಡುತ್ತೇವಲ್ಲ, ಹಾಗೆ. ಬೆಲ್ಲ, ಉಪ್ಪು, ಏಲಕ್ಕಿ, ಎಣ್ಣೆ ಎಲ್ಲ ನಮ್ಮ ಪಾಲಿಗೆ. ಅದರ ಪಾಲಿಗೆ ಬರೀ ಕುಂಬಳಕಾಯಿ. ಇದೊಂದು ರೂಢಿಯಾದರೆ ಮುಕ್ಕಾಲು ತಪ್ಪುಗಳು ಆಗುವುದೇ ಇಲ್ಲ.

ಅಂಗಡಿಯಲ್ಲಿ ಸುಮ್ನೆ ಭೋಪಳಾ ಅಂದರೆ ಯಾವುದು ಅಂತ ಕೇಳುತ್ತಾರೆ. ದೂಧಿ ಭೋಪಳಾ ಅಂದರೆ ಸೋರೆಕಾಯಿ. ನಿಮಗೆ ಬೇಕಾದದ್ದು ಲಾಲ್ ಭೋಪಳಾ, ನಮ್ಮ ಸಿಹಿಕುಂಬಳ. ಇಡೀ ಕಾಯಿ ಬೇಕಿಲ್ಲ, ಹೋಳು ಮಾಡಿ ಕೊಡುತ್ತಾರೆ. ಅರ್ಧ ಕಿಲೋ ಸಾಕು. ತಿರುಳು ಗಟ್ಟಿಯಾಗಿ, ಕೇಸರಿ ಬಣ್ಣ ಜಾಸ್ತಿ ಇರುವ ಹೋಳು ತೆಗೆದುಕೊಳ್ಳಿ. ಮನೆಗೆ ತಂದ ಮೇಲೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಹೋಳನ್ನು ಎಸೆಯಿರಿ. ಕುಂಬಳ, ಸೋರೆ, ಸೌತೆಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಅನ್ನುವ ಕಹಿ ಅಂಶ ಹೆಚ್ಚಾಗಿರುತ್ತದೆ. ಅದು ನಮಗೂ ಒಳ್ಳೆಯದಲ್ಲ, ನಾಯಿಗೂ ಅಲ್ಲ.

ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿದರೆ ತಿರುಳು ನೀರು ಕುಡಿದುಬಿಡುತ್ತದೆ. ಆಮೇಲೆ ಹಿಟ್ಟು ಸೇರಿಸುತ್ತಲೇ ಹೋಗಬೇಕು, ಬಿಸ್ಕತ್ತು ಕಲ್ಲಿನ ಹಾಗಾಗುತ್ತದೆ. ಸಿಪ್ಪೆ, ಬೀಜ ತೆಗೆದು ಇಡ್ಲಿ ಪಾತ್ರೆಯಲ್ಲಿ ಹಬೆಗಿಡಿ. ಹದಿನೈದು ನಿಮಿಷ ಸಾಕು. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಸ್ವಲ್ಪ ಹಿಂಡಿ. ಆಮೇಲೆ ಕೈಯಲ್ಲೇ ಮಿದ್ದರೆ ನುಣ್ಣಗಾಗುತ್ತದೆ.

ಈ ತಿರುಳು ಒಂದು ಕಪ್, ಒಂದು ಮೊಟ್ಟೆ, ಸುಮಾರು ಎರಡು ಕಪ್ ಗೋಧಿ ಹಿಟ್ಟು. ಇಷ್ಟೇ. ಹಿಟ್ಟನ್ನು ಒಮ್ಮೆಲೇ ಸುರಿಯಬೇಡಿ, ಪೂರಿ ಹಿಟ್ಟಿನ ಹದ ಬರುವ ತನಕ ಸ್ವಲ್ಪ ಸ್ವಲ್ಪ ಹಾಕಿ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸಣ್ಣ ಮುಚ್ಚಳದಿಂದ ಒತ್ತಿ ತೆಗೆಯಿರಿ. ಓವನ್ ಇದ್ದರೆ 160 ಡಿಗ್ರಿಯಲ್ಲಿ ಅರ್ಧ ಗಂಟೆ. ಆರಿಸಿದ ಮೇಲೆ ಹೊರಗೆ ತೆಗೆಯಬೇಡಿ, ಒಳಗೇ ಇನ್ನೊಂದು ಗಂಟೆ ಒಣಗಲಿ. ಆಗ ಕರುಂ ಅನ್ನುತ್ತದೆ. ಬೇಕಿಂಗ್ ಸೋಡಾ ಹಾಕಬೇಡಿ. ಉಬ್ಬುವ ಅಗತ್ಯವೇ ಇಲ್ಲ. ಓವನ್ ಇಲ್ಲದಿದ್ದರೆ ದಪ್ಪ ದಶಮಿ ರೊಟ್ಟಿಯ ಹಾಗೆ ತವೆಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ ಚೂರು ಮಾಡಿ. ನಾನು ಮೊದಲ ಎರಡು ವರ್ಷ ಹಾಗೇ ಮಾಡಿದೆ. ಚಿನ್ನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಜೋಳದ ಹಿಟ್ಟಿನಲ್ಲೂ ಆಗುತ್ತದೆ, ನನಗೆ ಅದೇ ಹೆಚ್ಚು ಇಷ್ಟ. ಆದರೆ ಜೋಳಕ್ಕೆ ಅಂಟು ಇಲ್ಲ, ಒಡೆದುಹೋಗುತ್ತದೆ. ರೊಟ್ಟಿಗೆ ಮಾಡುವ ಹಾಗೆ ಅರ್ಧ ಹಿಟ್ಟಿಗೆ ಕುದಿನೀರು ಹಾಕಿ ಜಿಗಟು ಬರಿಸಿಕೊಂಡು, ಅದಕ್ಕೆ ಕುಂಬಳ ಸೇರಿಸಿ ನಾದಿ. ನಾಯಿಗೆ ಧಾನ್ಯ ಅರಗುವುದೇ ಇಲ್ಲ ಅಂತ ಯಾರಾದರೂ ಹೆದರಿಸಬಹುದು. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯ ಪ್ರಕಾರ, ಪಿಷ್ಟ ಅರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ತುಂಬ ಜಾಸ್ತಿ ಇವೆ. ನಮ್ಮ ಜೊತೆ ಬದುಕುತ್ತಾ ಬದುಕುತ್ತಾ ಅದು ನಮ್ಮ ರೊಟ್ಟಿಗೂ ಹೊಂದಿಕೊಂಡಿದೆ. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಕುಂಬಳ ಬೇಡವಾದರೆ ಗೆಣಸು. ಇಲ್ಲಿ ಅದಕ್ಕೆ ರತಾಳೆ ಅನ್ನುತ್ತಾರೆ, ನವರಾತ್ರಿಯ ಉಪವಾಸಕ್ಕೆ ರಾಶಿ ರಾಶಿ ಬಂದಿರುತ್ತದೆ. ಅದೇ ಸಮಯಕ್ಕೆ ಹಿಮಾಚಲ, ಕಾಶ್ಮೀರದ ಸೇಬೂ ಬರುತ್ತದೆ. ಸೇಬನ್ನು ತುರಿದು ಹಾಕಬಹುದು, ಆದರೆ ಬೀಜ ಮತ್ತು ನಡುವಿನ ದಿಂಡು ತೆಗೆದು. ಪುಣೆ ಹತ್ತಿರದ ಪುರಂದರ ಕಡೆಯ ಸೀತಾಫಲವೂ ಇದೇ ಹೊತ್ತಿನದು. ಅದರ ಬೀಜ ವಿಷ, ಒಂದೊಂದೇ ಆರಿಸಿ ತೆಗೆಯುವುದು ಕಷ್ಟ. ನಾನು ಅದನ್ನು ಕೊಡುವುದೇ ಇಲ್ಲ.

ಈಗ ನೀವು ಕೇಳಿದ ಪಂಪ್ಕಿನ್ ಸ್ಪೈಸ್. ಅದರಲ್ಲಿ ಜಾಯಿಕಾಯಿ ಇರುತ್ತದೆ. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ನಾಯಿಯ ನರಮಂಡಲಕ್ಕೆ ಕೆಟ್ಟದ್ದು, ಜಾಸ್ತಿಯಾದರೆ ನಡುಕ, ಫಿಟ್ಸ್ ಬರಬಹುದು. ಹಾಗಾಗಿ ಆ ಮಸಾಲೆ ಬೇಡವೇ ಬೇಡ. ದಸರೆಯ ದಿನ ಪುಣೆಯ ಮನೆಮನೆಯಲ್ಲಿ ಶ್ರೀಖಂಡ ಪೂರಿ ಇರುತ್ತದೆ. ಶ್ರೀಖಂಡಕ್ಕೂ ಜಾಯಿಕಾಯಿ ತೇಯ್ದು ಹಾಕುವವರು ಬಹಳ. ಮೊಸರು ತಾನೇ ಅಂತ ಯಾರೋ ಪ್ರೀತಿಯಿಂದ ಒಂದು ಚಮಚ ನೆಕ್ಕಿಸಿಬಿಡುತ್ತಾರೆ. ಮೊದಲೇ ಹೇಳಿಡಿ.

ಪೀನಟ್ ಬಟರ್ ಡಬ್ಬಿಯ ಹಿಂದೆ ಕ್ಸೈಲಿಟಾಲ್ ಅಂತ ಇದೆಯಾ ನೋಡಿ. ಸಕ್ಕರೆ ಇಲ್ಲ ಅಂತ ಬರೆದ ಪದಾರ್ಥಗಳಲ್ಲಿ ಇದು ಇರಬಹುದು. ನಮಗೆ ಏನೂ ಆಗುವುದಿಲ್ಲ. ನಾಯಿಯಲ್ಲಿ ಇನ್ಸುಲಿನ್ ಒಮ್ಮೆಲೇ ಏರಿ, ರಕ್ತದ ಸಕ್ಕರೆ ಒಂದು ಗಂಟೆಯೊಳಗೇ ಕುಸಿಯಬಹುದು, ಲಿವರ್ ಕೂಡ ಹಾಳಾಗಬಹುದು. ನಮ್ಮ ಮನೆಯಲ್ಲಿ ಶೇಂಗಾ ಹುರಿದು, ಸಿಪ್ಪೆ ತೆಗೆದು, ಉಪ್ಪಿಲ್ಲದೆ ರುಬ್ಬುತ್ತೇವೆ. ಒಂದು ಚಮಚ ಹಿಟ್ಟಿಗೆ ಸೇರಿಸಿದರೆ ಪರಿಮಳ ಮನೆ ತುಂಬುತ್ತದೆ. ಮುಗ್ಗಿದ ಶೇಂಗಾ ಮಾತ್ರ ಬೇಡ.

ಒಣದ್ರಾಕ್ಷಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾಲ್ಕು ವರ್ಷದ ಹಿಂದಿನ ದೀಪಾವಳಿ. ಫರಾಳದ, ಅಂದರೆ ದೀಪಾವಳಿ ತಿಂಡಿಗಳ ತಟ್ಟೆ ಕೆಳಗಿನ ಟೀಪಾಯಿಯ ಮೇಲಿತ್ತು. ನಾನು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಚಿನ್ನಿ ನಾಲ್ಕು ಬೇಸನ್ ಲಾಡು ತಿಂದಿತ್ತು. ಪ್ರತಿಯೊಂದರ ಮೇಲೂ ಒಣದ್ರಾಕ್ಷಿ. ಬಾಲ ಅಲ್ಲಾಡಿಸುತ್ತಾ ಆರಾಮಾಗಿ ನಿಂತಿತ್ತು. ಸಂಜೆ ತನಕ ಕಾದು ನೋಡೋಣ ಅಂತ ಮನೆಯವರು ಅಂದರು. ನನಗೆ ಮನಸ್ಸು ತಡೆಯಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಅಂದರು. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ಎರಡು ದಿನ ಡ್ರಿಪ್ ಹಾಕಿದರು, ಕಿಡ್ನಿಯ ರಕ್ತಪರೀಕ್ಷೆ ಮಾಡಿದರು. ಚಿನ್ನಿ ಉಳಿಯಿತು. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿ ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ಲಕ್ಷಣ ಕಾಣಲಿ ಅಂತ ಕಾಯಬೇಡಿ, ದಯವಿಟ್ಟು. ಈಗ ನಮ್ಮ ಫರಾಳ ಫ್ರಿಜ್ಜಿನ ಮೇಲೆಯೇ ಇರುತ್ತದೆ. ಚಾಕೊಲೇಟ್, ಮತ್ತೆ ಈರುಳ್ಳಿ ಬೆಳ್ಳುಳ್ಳಿ ಹಾಕಿದ ಚಿವಡಾ ಕೂಡ ಅಲ್ಲೇ, ಅವೂ ನಾಯಿಗೆ ಆಗುವುದಿಲ್ಲ.

ಎಷ್ಟು ಕೊಡಬೇಕು? ಇಡೀ ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು 10 ಪರ್ಸೆಂಟ್ ಮೀರಬಾರದು ಅನ್ನುತ್ತಾರೆ ಪಶುವೈದ್ಯರು. ಮೇಲಿನ ಅಳತೆಯಲ್ಲಿ ಅರವತ್ತು ಬಿಸ್ಕತ್ತು ಮಾಡಿದರೆ ಒಂದೊಂದರಲ್ಲಿ ಸುಮಾರು 15 ಕ್ಯಾಲೊರಿ. ನಿಮ್ಮ ಲ್ಯಾಬ್ರಡಾರಿಗೆ ದಿನಕ್ಕೆ ಐದಾರು ಸಾಕು. ಲ್ಯಾಬ್ರಡಾರ್‌ಗಳು ಬೇಗ ದಪ್ಪಗಾಗುತ್ತವೆ, ಅದರ ಕಣ್ಣು ನೋಡಿ ಕರಗಬೇಡಿ. ಮೊದಲ ದಿನ ಒಂದೇ ಕೊಟ್ಟು ಹೊಟ್ಟೆ ಸರಿ ಇದೆಯಾ ಅಂತ ನೋಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಉಪ್ಪು, ಸಕ್ಕರೆ ಇಲ್ಲದ ಕಾರಣ ಹೊರಗಿಟ್ಟರೆ ಬೇಗ ಬೂಸ್ಟು ಬರುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ. ಉಳಿದದ್ದು ಫ್ರೀಜರಿಗೆ.

ಹಬೆಯಲ್ಲಿ ಬೆಂದ ತಿರುಳಿನಲ್ಲಿ ಸ್ವಲ್ಪವನ್ನು ಬಿಸ್ಕತ್ತು ಮಾಡದೆ ಹಾಗೇ ಉಳಿಸಿಕೊಳ್ಳಿ. ತಟ್ಟೆಗೆ ಸವರಿ ಫ್ರೀಜರಿನಲ್ಲಿಡಿ. ಪಟಾಕಿಯ ರಾತ್ರಿ ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ಅದನ್ನು ಮುಂದಿಡಿ. ನೆಕ್ಕುತ್ತಾ ಇದ್ದರೆ ನಾಯಿಗೆ ಸ್ವಲ್ಪ ಸಮಾಧಾನ. ದೂರದ ಸಣ್ಣ ಸದ್ದು ಬಂದಾಗಲೆಲ್ಲ ಒಂದು ಚೂರು ಬಿಸ್ಕತ್ತು ಕೊಡುತ್ತಾ ಬನ್ನಿ, ನವರಾತ್ರಿಯಿಂದಲೇ ಶುರು ಮಾಡಿ. ಸದ್ದು ಬಂದರೆ ತಿಂಡಿ ಬರುತ್ತದೆ ಅಂತ ಅದಕ್ಕೆ ಅರ್ಥವಾಗಲು ದಿನಗಳು ಬೇಕು.

ಇನ್ನೊಂದು ಮಾತು. ನಮ್ಮ ಸೊಸೈಟಿಯ ವಾಚ್‌ಮನ್ ನೇಪಾಳದವರು. ಅವರ ಊರಲ್ಲಿ ತಿಹಾರ್ ಹಬ್ಬದ ಎರಡನೆಯ ದಿನ ಕುಕುರ್ ತಿಹಾರ್, ನಾಯಿಗಳ ಹಬ್ಬ. ನಮ್ಮ ನರಕ ಚತುರ್ದಶಿಯ ಹೊತ್ತಿಗೇ ಬರುತ್ತದೆ. ಆ ಬೆಳಿಗ್ಗೆ ಅವರು ಗೇಟಿನ ನಾಯಿಗಳಿಗೆಲ್ಲ ಹಣೆಗೆ ತಿಲಕ ಇಟ್ಟು, ಚೆಂಡುಹೂವಿನ ಮಾಲೆ ಹಾಕುತ್ತಾರೆ. ನಾನು ಒಂದು ಡಬ್ಬಿ ಬಿಸ್ಕತ್ತು ಹೆಚ್ಚಿಗೆ ಮಾಡಿ ಹಿಂದಿನ ರಾತ್ರಿಯೇ ಅವರ ಕೈಗೆ ಕೊಟ್ಟಿರುತ್ತೇನೆ. ಚಿನ್ನಿಯ ತಾಯಿ ಈಗಲೂ ಆ ಗೇಟಿನಲ್ಲೇ ಇದೆ. ಹಲ್ಲು ಕಡಿಮೆಯಾಗಿವೆ, ಅದರ ಪಾಲಿನದನ್ನು ಮಾತ್ರ ನೀರಲ್ಲಿ ನೆನೆಸಿ ಕೊಡುತ್ತಾರೆ.