ರಾಯಚೂರಿನ ರೈತರ ಬದಲು, ಅವರಂತೆ ಉತ್ತರಿಸುವ ಎಐ ಪಾತ್ರಗಳನ್ನೇ ಕೇಳಿ ಸಮೀಕ್ಷೆ ಮಾಡಬಹುದಾ?

ಪ್ರಶ್ನಾವಳಿ ಸರಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಲು ಮಾಡಬಹುದು. ರೈತರ ಉತ್ತರದ ಜಾಗದಲ್ಲಿ ಮಾತ್ರ ಇಡಬೇಡಿ.

‘ನೀನು ಸಿಂಧನೂರಿನ 45 ವರ್ಷದ ಭತ್ತದ ರೈತ’ ಎಂದಷ್ಟೇ ಬರೆದುಕೊಟ್ಟರೆ ಭಾಷಾ ಮಾದರಿ (ಚಾಟ್‌ಜಿಪಿಟಿಯಂಥ ಎಐ) ಒಬ್ಬ ಸರಾಸರಿ ರೈತನನ್ನು ಕಟ್ಟುತ್ತದೆ. ಎಷ್ಟು ಸಲ ಕೇಳಿದರೂ ಹೆಚ್ಚುಕಡಿಮೆ ಅದೇ ಮಾತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರ ಚಿಂತೆ ಬೇರೆ, ನೀರಿಗಾಗಿ ಕಾಯುವ ಮಾನ್ವಿ, ಸಿರವಾರ ಕಡೆಯ ಕೊನೆಭಾಗದವರ ಚಿಂತೆ ಬೇರೆ, ಅಲ್ವಾ? ಬೆಂಗಳೂರಿಗೆ ಗುಳೆ ಹೋದವರ ಮಾತಂತೂ ಇಂಟರ್ನೆಟ್‌ನಲ್ಲೇ ತೀರಾ ಕಡಿಮೆ. ಮಾದರಿ ಅದನ್ನು ಎಲ್ಲಿಂದ ಕಲಿಯಬೇಕು?

2024ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರಿದ್ದ ತಂಡವೊಂದು 1,052 ಅಮೆರಿಕನ್ನರನ್ನು ತಲಾ ಎರಡು ಗಂಟೆ ಮಾತಾಡಿಸಿ, ಆ ಮಾತುಕತೆಯಿಂದಲೇ ಪಾತ್ರಗಳನ್ನು ಕಟ್ಟಿತು. ಒಂದು ಸಮೀಕ್ಷೆಗೆ ಅದೇ ಜನ ಎರಡು ವಾರದ ನಂತರ ಮತ್ತೆ ಕೊಟ್ಟ ಉತ್ತರ ತಮ್ಮದೇ ಹಳೆಯ ಉತ್ತರಕ್ಕೆ ಎಷ್ಟು ಹೊಂದಿತೋ, ಪಾತ್ರಗಳ ಉತ್ತರ ಅದರ ಶೇ 85ರಷ್ಟು ಹೊಂದಿತು. ವಯಸ್ಸು, ಲಿಂಗದಂಥ ವಿವರ ಮಾತ್ರ ಕೊಟ್ಟು ಕಟ್ಟಿದವು ಹಿಂದೆ ಬಿದ್ದವು.

ಅಂದರೆ ಊರಿಗೆ ಹೋಗಿ, ಕೂತು ಮಾತಾಡಲೇಬೇಕು. ಅದು ತಪ್ಪುವುದಿಲ್ಲ. ಪಾತ್ರ ಕಟ್ಟುತ್ತೇವೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಹೆಸರು, ಸರ್ವೆ ನಂಬರ್ ತೆಗೆದುಹಾಕಿ.